ಬ್ಯಾಟರಿ ಬದಲಿಸುವ ಆ ಎರಡು ನಿಮಿಷ: ಕ್ಯಾಲ್ಕುಲೇಟರ್‌ನಿಂದ ಹಿರಿಯೂರಿನ ಮತಗಟ್ಟೆವರೆಗೆ

ಇವತ್ತಿನ ಸಂಚಿಕೆ ಒಂದು ದಿನಾಂಕದಿಂದ ಶುರುವಾಗುತ್ತೆ. 2024ರ ಏಪ್ರಿಲ್ 26, ಶುಕ್ರವಾರ.

ಅವತ್ತು ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು, ಜೊತೆಗೆ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ. ಹೀಗೆ ಎಂಟು ವಿಧಾನಸಭಾ ಕ್ಷೇತ್ರಗಳ ಜನ ಏಪ್ರಿಲ್ ಬಿಸಿಲಲ್ಲಿ ಸಾಲು ನಿಂತು ಗುಂಡಿ ಒತ್ತಿದರು. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿವಿಪ್ಯಾಟ್ ಚೀಟಿಗಳನ್ನೆಲ್ಲ ನೂರಕ್ಕೆ ನೂರು ಎಣಿಸಬೇಕು ಅನ್ನೋ ಬೇಡಿಕೆಯನ್ನು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ತಳ್ಳಿಹಾಕಿದರು. ಆದರೆ ಒಂದು ಬಾಗಿಲು ತೆರೆದಿಟ್ಟರು. ಎರಡನೇ, ಮೂರನೇ ಸ್ಥಾನ ಬಂದ ಅಭ್ಯರ್ಥಿಗಳು ಫಲಿತಾಂಶ ಬಂದ ಏಳು ದಿನದೊಳಗೆ ಬರೆದು ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಮೆಮೊರಿಯನ್ನು ತಯಾರಕರ ಎಂಜಿನಿಯರುಗಳು ಪರಿಶೀಲಿಸಬೇಕು ಅಂತ.

ಮತ ಎಣಿಕೆ ಆಗಿದ್ದು ಜೂನ್ 4ಕ್ಕೆ. ಲೆಕ್ಕ ಹಾಕಿ, 39 ದಿನ. ಅಷ್ಟು ದಿನ ನಿಮ್ಮ ಮತ ಎಲ್ಲಿತ್ತು? ಬೀಗ ಹಾಕಿದ ಸ್ಟ್ರಾಂಗ್ ರೂಮಲ್ಲಿ, ಬ್ಯಾಟರಿಯಿಂದ ಓಡುವ ಒಂದು ಪೆಟ್ಟಿಗೆಯೊಳಗೆ. ಗೋಡೆಯ ಪ್ಲಗ್‌ಗೆ ಅದರ ಸಂಬಂಧವೇ ಇಲ್ಲ. ಕರೆಂಟಿಲ್ಲದ ಊರಲ್ಲೂ ಮತದಾನ ಆಗಬೇಕು ಅಂತ ಅದನ್ನು ಹಾಗೆಯೇ ರೂಪಿಸಿದ್ದು. ಹಾಗಾದ್ರೆ ಒಂದು ಸರಳ ಪ್ರಶ್ನೆ. ಮಧ್ಯಾಹ್ನ ಮೂರು ಗಂಟೆಗೆ ಆ ಪೆಟ್ಟಿಗೆಯ ಬ್ಯಾಟರಿ ಮುಗಿದುಹೋದರೆ, ಬೆಳಿಗ್ಗೆ ಏಳರಿಂದ ಬಿದ್ದ ಮತಗಳ ಗತಿ ಏನು? ಬ್ಯಾಟರಿ ತೆಗೆದು ಹೊಸದು ಹಾಕುವ ಆ ಒಂದೆರಡು ನಿಮಿಷ, ಒಳಗಿನ ಲೆಕ್ಕವನ್ನು ಹಿಡಿದುಕೊಂಡಿರೋದು ಯಾರು?

ಈ ಪ್ರಶ್ನೆ ಮತಯಂತ್ರಕ್ಕಿಂತ ಹಳೆಯದು. ಅದನ್ನು ಮೊದಲು ಎದುರಿಸಿದ್ದು ಅಂಗೈಯಗಲದ ಕ್ಯಾಲ್ಕುಲೇಟರ್. ಅಲ್ಲಿಂದಲೇ ಬರೋಣ.

ಭೀಮಸಮುದ್ರದ ಅಡಿಕೆ ವ್ಯಾಪಾರದಲ್ಲೋ, ಹೊಸದುರ್ಗದ ಕೊಬ್ಬರಿ ವ್ಯಾಪಾರದಲ್ಲೋ ಮೇಜಿನ ಮೇಲೆ ಒಂದು ದೊಡ್ಡ ಗುಂಡಿಯ ಕ್ಯಾಲ್ಕುಲೇಟರ್ ಇದ್ದೇ ಇರುತ್ತೆ. ಅದರಲ್ಲಿ ಎಂ ಪ್ಲಸ್ ಅಂತ ಒಂದು ಗುಂಡಿ. ಒಂದು ಚೀಲದ ತೂಕ, ದರ ಗುಣಿಸಿ ಎಂ ಪ್ಲಸ್ ಒತ್ತಿದರೆ ಆ ಮೊತ್ತ ಮೆಮೊರಿಗೆ ಸೇರುತ್ತೆ, ಮುಂದಿನ ಚೀಲದ ಲೆಕ್ಕ ಮಾಡಬಹುದು. ಇಪ್ಪತ್ತನೇ ಚೀಲದ ಹೊತ್ತಿಗೆ ಸೆಲ್ಲು ಕೈಕೊಟ್ಟರೆ ಮತ್ತೆ ಮೊದಲಿಂದ. ವ್ಯಾಪಾರಿಗೆ ಅದೇನೂ ದೊಡ್ಡ ನಷ್ಟವಲ್ಲ, ಪಕ್ಕದಲ್ಲಿ ಚೀಟಿ ಇರುತ್ತೆ. ಎಂಜಿನಿಯರಿಂಗ್ ಓದಿದವರಿಗೆ ಕ್ಯಾಸಿಯೊ ಎಫ್‌ಎಕ್ಸ್-991 ಗೊತ್ತು. ಆಫ್ ಮಾಡಿದರೂ ಎ, ಬಿ, ಸಿ ಅಂತ ಇಟ್ಟ ಬೆಲೆಗಳು ಉಳಿದಿರುತ್ತವೆ. ಆದರೆ ಆ ಸರಣಿಯ ಕೈಪಿಡಿ ಬಿಚ್ಚಿ ನೋಡಿ, ಬ್ಯಾಟರಿ ತೆಗೆದರೆ ಮೆಮೊರಿಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ ಅಂತ ಸ್ಪಷ್ಟವಾಗಿ ಬರೆದಿದೆ. ಕಂಪನಿ ಮುಚ್ಚಿಟ್ಟಿಲ್ಲ, ನಾವೇ ಓದಿರಲ್ಲ ಅಷ್ಟೇ.

1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಎಚ್‌ಪಿ-35 ಅನ್ನೋ ಕ್ಯಾಲ್ಕುಲೇಟರ್ ತಂದಿತು. ಕೈಯಲ್ಲಿ ಹಿಡಿಯುವ ಮೊದಲ ವೈಜ್ಞಾನಿಕ ಕ್ಯಾಲ್ಕುಲೇಟರ್ ಅದು. ಸೈನ್, ಕಾಸ್, ಲಾಗ್ ಎಲ್ಲ ಒಂದೊಂದು ಗುಂಡಿಯಲ್ಲಿ. ಎರಡು ವರ್ಷಕ್ಕೆ, 1974ರಲ್ಲಿ ಎಚ್‌ಪಿ-65 ಬಂತು. ಅದಕ್ಕೆ ಪ್ರೋಗ್ರಾಮ್ ಬರೆಯಬಹುದಿತ್ತು. ಒಂದೇ ಲೆಕ್ಕವನ್ನು ನೂರು ಸಲ ಮಾಡಬೇಕಾದವರಿಗೆ, ಅಂದ್ರೆ ಭೂಮಾಪಕರಿಗೆ, ಎಂಜಿನಿಯರುಗಳಿಗೆ, ಇದೊಂದು ವರ. ತೊಂದರೆ ಏನಪ್ಪಾ ಅಂದ್ರೆ, ಸ್ವಿಚ್ ಆಫ್ ಮಾಡಿದ ಕೂಡಲೇ ಬರೆದ ಪ್ರೋಗ್ರಾಮ್ ಹೋಯಿತು. ಅದಕ್ಕೇ ಚೂಯಿಂಗ್ ಗಮ್ ಪಟ್ಟಿಯಷ್ಟು ಚಿಕ್ಕ ಕಾಂತೀಯ ಕಾರ್ಡೊಂದನ್ನು ಜೊತೆಗೆ ಕೊಟ್ಟಿದ್ದರು. ಪ್ರೋಗ್ರಾಮ್ ಅನ್ನು ಅದರ ಮೇಲೆ ಇಳಿಸಿಟ್ಟುಕೊಂಡು, ಬೇಕಾದಾಗ ಮತ್ತೆ ಯಂತ್ರದೊಳಗೆ ಎಳೆಸಬೇಕು. ಕಾರ್ಡ್ ಇಲ್ಲದ ಅಗ್ಗದ ಮಾದರಿ ಎಚ್‌ಪಿ-25 ಕೊಂಡವರ ಪಾಡು ಇನ್ನೂ ಕಷ್ಟ. 49 ಹೆಜ್ಜೆಗಳ ಪ್ರೋಗ್ರಾಮನ್ನು ನೋಟ್‌ಬುಕ್ ನೋಡಿಕೊಂಡು ಪ್ರತಿ ಸಲವೂ ಒಂದೊಂದೇ ಗುಂಡಿ ಒತ್ತಿ ತುಂಬಬೇಕಿತ್ತು.

ಯಾಕೆ ಹೀಗೆ? ಈ ಮೆಮೊರಿ ಕೆಲಸ ಮಾಡುವ ರೀತಿ ಸ್ವಲ್ಪ ಅರ್ಥ ಮಾಡ್ಕೊಳ್ಳೋಣ. ಹೌದು ಅಥವಾ ಇಲ್ಲ ಅನ್ನುವ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡಲು ಚಿಪ್ಪಿನೊಳಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರುಗಳ ಒಂದು ಜೋಡಣೆ ಇರುತ್ತೆ. ಇಬ್ಬರು ಒಬ್ಬರ ಹೆಗಲಿಗೆ ಒಬ್ಬರು ಆತು ನಿಂತಿದ್ದಾರೆ ಅಂದುಕೊಳ್ಳಿ. ಎಡಕ್ಕೆ ವಾಲಿದರೆ ಹೌದು, ಬಲಕ್ಕೆ ವಾಲಿದರೆ ಇಲ್ಲ. ಇಬ್ಬರ ಕಾಲಲ್ಲೂ ಶಕ್ತಿ ಇರುವವರೆಗೆ ನಿಲ್ಲುತ್ತಾರೆ. ಆ ಶಕ್ತಿಯೇ ಕರೆಂಟು. ಅದು ನಿಂತ ಕ್ಷಣ ಇಬ್ಬರೂ ಕುಸಿಯುತ್ತಾರೆ. ಮತ್ತೆ ಕರೆಂಟ್ ಬಂದಾಗ ಎದ್ದು ನಿಲ್ಲುತ್ತಾರೆ ನಿಜ, ಆದರೆ ಮೊದಲು ಯಾವ ಕಡೆಗೆ ವಾಲಿದ್ದೆವು ಅನ್ನೋದು ಅವರಿಗೆ ನೆನಪಿರಲ್ಲ.

1976ರಲ್ಲಿ ಎಚ್‌ಪಿ-25ಸಿ ಬಂತು. ಹೊರಗಿನಿಂದ ನೋಡಿದರೆ ಹಳೆಯ 25ರ ಥರಾನೇ. ಒಳಗಿನ ಮೆಮೊರಿ ಚಿಪ್ ಮಾತ್ರ ಸಿಮಾಸ್ ಅನ್ನೋ ತಂತ್ರದ್ದು. ಸಿಮಾಸ್‌ನ ಗುಣ ಏನಂದ್ರೆ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗುವಾಗ ಮಾತ್ರ ಅದು ಕರೆಂಟ್ ಕುಡಿಯುತ್ತೆ. ಸುಮ್ಮನೆ ನಿಂತಿರುವಾಗ ಬೇಕಾಗೋದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸ್ವಿಚ್ ಆಫ್ ಮಾಡಿದಾಗಲೂ ಮೆಮೊರಿಗೆ ಮಾತ್ರ ಹನಿಹನಿಯಾಗಿ ಕರೆಂಟ್ ಹರಿಯುವಂತೆ ಬಿಡಬಹುದು. ಕಂಪನಿ ಇದನ್ನು ನಿರಂತರ ಮೆಮೊರಿ ಅಂತ ಕರೆದು ಮಾರಿತು. ಆಫ್ ಅನ್ನೋ ಪದದ ಅರ್ಥವೇ ಅಲ್ಲಿಂದ ಬದಲಾಯ್ತು. ನಿಮ್ಮ ಕೈಯಲ್ಲಿರೋ ಫೋನ್ ಪರದೆ ಕಪ್ಪಾಗಿದ್ದಾಗಲೂ ಒಳಗೆ ಏನೋ ಎಚ್ಚರವಾಗಿರುತ್ತಲ್ಲ, ಆ ಅಭ್ಯಾಸದ ಹಳೆಯ ಪೂರ್ವಜರಲ್ಲಿ ಇದೂ ಒಂದು.

ಆದರೆ ಒಂದು ಕಷ್ಟ ಬಗೆಹರಿದಾಗ ಇನ್ನೊಂದು ಹುಟ್ಟಿತು. ಆಫ್ ಮಾಡಿದರೆ ನೆನಪು ಉಳಿಯುತ್ತೆ ಅಂತ ನಂಬಿ ಜನ ಅದರೊಳಗೆ ಹೆಚ್ಚುಹೆಚ್ಚು ತುಂಬಿಡತೊಡಗಿದರು. 1979ರಲ್ಲಿ ಬಂದ ಎಚ್‌ಪಿ-41ಸಿ ಅಂತೂ ಒಂದು ಪುಟ್ಟ ಕಂಪ್ಯೂಟರೇ. 1981ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಪೇಸ್ ಷಟಲ್ ಮೊದಲ ಸಲ ಹಾರಿದಾಗ ಗಗನಯಾತ್ರಿಗಳ ಜೊತೆ ಈ ಕ್ಯಾಲ್ಕುಲೇಟರ್ ಕೂಡ ಹೋಗಿತ್ತು. ಇಷ್ಟೆಲ್ಲ ತುಂಬಿಟ್ಟ ಮೇಲೆ ಸೆಲ್ಲು ಮುಗಿಯುವ ದಿನ ಬಂದೇ ಬರುತ್ತೆ. ಹಳೇ ಸೆಲ್ಲು ಹೊರಗೆ ಬಂದಾಯ್ತು, ಹೊಸ ಸೆಲ್ಲು ಇನ್ನೂ ಒಳಗೆ ಹೋಗಿಲ್ಲ. ಆ ನಡುವಿನ ಹೊತ್ತು! ಅದನ್ನು ದಾಟಲಾಗದಿದ್ದರೆ ಎಚ್‌ಪಿ-41ರ ಪರದೆಯ ಮೇಲೆ ಎರಡೇ ಪದ ಮೂಡುತ್ತಿದ್ದವು: ಮೆಮೊರಿ ಲಾಸ್ಟ್. 1981ರ ಎಚ್‌ಪಿ-12ಸಿ, ಬ್ಯಾಂಕಿನವರ ಅಚ್ಚುಮೆಚ್ಚಿನ ಯಂತ್ರ, ಇದನ್ನು ಇನ್ನೂ ಚಿಕ್ಕದಾಗಿ ಪಿಆರ್ ಎರರ್ ಅಂತ ಹೇಳುತ್ತಿತ್ತು. ಎಷ್ಟು ದಿನದ ಕೆಲಸ ಹೋಯಿತು ಅನ್ನೋದು ಅದಕ್ಕೇನು ಗೊತ್ತು.

ಆ ನಡುವಿನ ಹೊತ್ತಿಗೆ ಎಂಜಿನಿಯರುಗಳು ಕಂಡುಕೊಂಡ ಒಂದು ದಾರಿ ಕೆಪಾಸಿಟರ್. ಕೆಪಾಸಿಟರ್ ಅಂದ್ರೆ ಸ್ವಲ್ಪ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಡಬ್ಬಿ, ಬಿಂದಿಗೆ ಅಂತ ತಿಳ್ಕೊಳ್ಳಿ. ನಲ್ಲಿ ನಿಂತಾಗ ಬಿಂದಿಗೆಯ ನೀರು ಎಷ್ಟು ಹೊತ್ತು ಬರುತ್ತೆ ಅನ್ನೋದು ನೀವು ಎಷ್ಟು ಬೇಗ ಬಗ್ಗಿಸ್ತೀರ ಅನ್ನೋದರ ಮೇಲಿರುತ್ತೆ. ಒಂದು ಉದಾಹರಣೆ ಲೆಕ್ಕ ಮಾಡೋಣ. ಕೆಪಾಸಿಟರ್ 1,000 ಮೈಕ್ರೊಫ್ಯಾರಡ್‌ದು, ಅದರ ವೋಲ್ಟೇಜ್ 1 ವೋಲ್ಟ್ ಇಳಿಯುವವರೆಗೆ ಮೆಮೊರಿ ತಡೆದುಕೊಳ್ಳುತ್ತೆ, ಮಲಗಿರುವ ಮೆಮೊರಿ 10 ಮೈಕ್ರೊಆಂಪಿಯರ್ ಕುಡಿಯುತ್ತೆ ಅಂತಿಟ್ಟುಕೊಳ್ಳಿ. ಹಾಗಿದ್ದರೆ 100 ಸೆಕೆಂಡ್ ಸಿಗುತ್ತೆ. ಸೆಲ್ಲು ಬದಲಿಸಲು ಧಾರಾಳ ಸಾಕು. ಈಗ ಅದೇ ಹೊತ್ತಲ್ಲಿ ನೀವು ಅಪ್ಪಿತಪ್ಪಿ ಆನ್ ಗುಂಡಿ ಒತ್ತಿದಿರಿ ಅನ್ನಿ. ಯಂತ್ರ ಪೂರ್ತಿ ಎಚ್ಚೆತ್ತು 5 ಮಿಲಿಆಂಪಿಯರ್ ಎಳೆಯಲು ಹೋಗುತ್ತೆ. ಆಗ ಸಿಗೋದು 0.2 ಸೆಕೆಂಡ್. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಂದಿಗೆ ಖಾಲಿ.

1990ರ ಎಚ್‌ಪಿ-48 ಸರಣಿಯ ಕೈಪಿಡಿಯಲ್ಲಿ ಇದ್ದದ್ದು ಇದೇ ಬುದ್ಧಿಮಾತು. ಮೊದಲು ಆಫ್ ಮಾಡಿ. ಹೊಸ ಸೆಲ್ಲುಗಳನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಎರಡು ನಿಮಿಷದೊಳಗೆ ಹಾಕಿ ಮುಗಿಸಿ. ಸೆಲ್ಲು ಹೊರಗಿರುವಾಗ ಆನ್ ಗುಂಡಿಯನ್ನು ಮುಟ್ಟಲೇಬೇಡಿ. ಓದುವವರಿಗೆ ಇದು ಮಡಿವಂತಿಕೆ ಥರ ಕಾಣಬಹುದು, ಲೆಕ್ಕ ಗೊತ್ತಿದ್ದವರಿಗೆ ಕಾರಣ ಗೊತ್ತು.

ಇನ್ನೊಂದು ದಾರಿ ಕಾವಲು ಬದಲಾಯಿಸುವುದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-81, ಟಿಐ-83 ಥರದ ಗ್ರಾಫ್ ಕ್ಯಾಲ್ಕುಲೇಟರುಗಳಲ್ಲಿ ನಾಲ್ಕು ತೆಳು ಸೆಲ್ಲುಗಳ ಜೊತೆ ಗುಂಡಿಯಾಕಾರದ ಒಂದು ಲಿಥಿಯಂ ಸೆಲ್ಲು ಬೇರೆ ಇರುತ್ತಿತ್ತು. ದೊಡ್ಡವರು ಹೊರಗೆ ಹೋದಾಗ ಚಿಕ್ಕವನು ಮೆಮೊರಿ ನೋಡಿಕೊಳ್ಳುತ್ತಾನೆ. ಚಿಕ್ಕವನನ್ನು ಬದಲಿಸುವಾಗ ದೊಡ್ಡವರು ಇರಬೇಕು. ಇಬ್ಬರನ್ನೂ ಒಟ್ಟಿಗೆ ತೆಗೆಯಬೇಡಿ, ಇಷ್ಟೇ ನಿಯಮ. 2007ರ ಎಚ್‌ಪಿ-35ಎಸ್‌ನಲ್ಲಿ ಎರಡು ಗುಂಡಿ ಸೆಲ್ಲುಗಳಿದ್ದವು. ಅಲ್ಲೂ ಅಷ್ಟೇ, ಒಂದನ್ನು ತೆಗೆದು ಹೊಸದು ಹಾಕಿ, ಆಮೇಲೆ ಇನ್ನೊಂದು.

ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ. ಕೋಟೆಯ ಕಿಂಡಿಯಲ್ಲಿ ಕಾವಲಿಗಿದ್ದವನು ಊಟಕ್ಕೆ ಹೋದ ಹೊತ್ತನ್ನೇ ನೋಡಿ ಹೈದರಾಲಿಯ ಸೈನಿಕರು ನುಗ್ಗಿದರು ಅನ್ನೋದು ಓಬವ್ವನ ಕಥೆ. ಕಾವಲುಗಾರ ಇದ್ದಾಗ ಬರಲಿಲ್ಲ, ಬದಲಾಗುವ ಹೊತ್ತಿಗೇ ಬಂದರು. ಅಲ್ಲಿ ಒಂದು ಲಿಥಿಯಂ ಸೆಲ್ಲಿನ ಥರ ಓಬವ್ವ ಇದ್ದಳು, ಒನಕೆ ಸಮೇತ.

ಸರಿ, ಮೂರನೇ ದಾರಿಗೆ ಬರೋಣ. ನಮ್ಮ ಮತಗಟ್ಟೆಗೆ ಬೇಕಾಗಿರೋದು ಅದೇ. ಮೇಲಿನ ಎರಡೂ ದಾರಿಗಳಲ್ಲಿ ಕರೆಂಟನ್ನು ಹೇಗಾದರೂ ಮಾಡಿ ಉಳಿಸಿಕೊಳ್ಳುವ ಒದ್ದಾಟವಿದೆ. ಕರೆಂಟೇ ಬೇಡದ ನೆನಪು ಸಾಧ್ಯವಾ?

1967ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು, ಕೊರಿಯಾ ಮೂಲದ ಡಾವನ್ ಕಾಂಗ್ ಮತ್ತು ಚೀನಾದಲ್ಲಿ ಹುಟ್ಟಿ ತೈವಾನ್‌ನಲ್ಲಿ ಬೆಳೆದ ಸೈಮನ್ ಝೀ, ಒಂದು ಹೊಸ ಬಗೆಯ ಟ್ರಾನ್ಸಿಸ್ಟರ್ ಬಗ್ಗೆ ಬರೆದರು. ಅದರೊಳಗೆ ನಾಲ್ಕೂ ಕಡೆ ನಿರೋಧಕ ಪದರ ಸುತ್ತಿದ ಒಂದು ಪುಟ್ಟ ದ್ವೀಪ. ಯಾವ ತಂತಿಯೂ ಅದನ್ನು ಮುಟ್ಟಲ್ಲ. ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಆ ದ್ವೀಪಕ್ಕೆ ತಳ್ಳಿದರೆ ಅವು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಕರೆಂಟ್ ನಿಂತರೂ ಹೊರಬರಲು ದಾರಿಯಿಲ್ಲ, ವರ್ಷಗಟ್ಟಲೆ ಅಲ್ಲೇ. ಪದರಪದರವಾಗಿದ್ದ ಒಂದು ಕೇಕ್ ನೋಡಿ ಈ ಕಲ್ಪನೆ ಹೊಳೆಯಿತು ಅಂತ ಒಂದು ಕಥೆಯೂ ಇದೆ. 1971ರಲ್ಲಿ ಇಂಟೆಲ್‌ನ ಡಾವ್ ಫ್ರೋಮನ್ ಇದೇ ತತ್ವದ ಮೇಲೆ ಇಪ್ರಾಮ್ ಚಿಪ್ ಮಾಡಿದರು, ಅದನ್ನು ಅಳಿಸಲು ಅತಿನೇರಳೆ ಬೆಳಕು ಬೇಕಿತ್ತು. ಆಮೇಲೆ ವಿದ್ಯುತ್ತಿನಿಂದಲೇ ಬರೆದು ಅಳಿಸಬಹುದಾದ ಇಇಪ್ರಾಮ್ ಬಂತು. 1984ರಲ್ಲಿ ತೊಷಿಬಾದ ಫುಜಿಯೊ ಮಸುವೊಕಾ ಫ್ಲ್ಯಾಷ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟರು. ನಿಮ್ಮ ಫೋನಿನ ಫೋಟೊಗಳು ಕೂತಿರೋದು ಅದರ ಮೊಮ್ಮಕ್ಕಳಲ್ಲಿ. 1999ರ ಟಿಐ-83 ಪ್ಲಸ್ ಕ್ಯಾಲ್ಕುಲೇಟರಿಗೂ ಫ್ಲ್ಯಾಷ್ ಬಂತು. ಅದರಲ್ಲಿ ತೆಗೆದಿಟ್ಟ ಪ್ರೋಗ್ರಾಮ್ ಎಲ್ಲ ಸೆಲ್ಲು ತೆಗೆದರೂ ಹೋಗಲ್ಲ. ಎರಡು ನಿಮಿಷದ ಗಡಿಬಿಡಿ ಅಲ್ಲಿಗೆ ಮುಗಿಯಿತು.

ಈಗ ಬೆಂಗಳೂರಿಗೆ. ಮತಯಂತ್ರದ ಯೋಚನೆ ಚುನಾವಣಾ ಆಯೋಗದಲ್ಲಿ ಹುಟ್ಟಿದ್ದು 1977ರಲ್ಲಿ, ಎಸ್. ಎಲ್. ಶಕ್ಧರ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. ಹೈದರಾಬಾದಿನ ಇಸಿಐಎಲ್ 1979ರಲ್ಲಿ ಒಂದು ಮಾದರಿ ತಯಾರಿಸಿತು. 1980ರ ಆಗಸ್ಟ್ 6ರಂದು ರಾಜಕೀಯ ಪಕ್ಷಗಳಿಗೆ ಅದನ್ನು ತೋರಿಸಿದರು. ಅಷ್ಟರಲ್ಲಿ ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ ಬೇರೆಯದೇ ಒಂದು ಕೆಲಸ ನಡೆದಿತ್ತು. ಕಾರ್ಖಾನೆಯ ಯೂನಿಯನ್ ಚುನಾವಣೆಗಳಿಗಾಗಿ ಅಲ್ಲಿನವರು ಮೈಕ್ರೊಕಂಪ್ಯೂಟರ್ ಆಧಾರಿತ ಯಂತ್ರವೊಂದನ್ನು ಮಾಡಿಕೊಂಡಿದ್ದರು! 1981ರ ಜನವರಿಯಲ್ಲಿ ಬಿಇಎಲ್ ಆಯೋಗವನ್ನು ಸಂಪರ್ಕಿಸಿತು. ಇವತ್ತಿಗೂ ಈ ಎರಡು ಸಂಸ್ಥೆಗಳೇ ಮತಯಂತ್ರ ಮಾಡೋದು. ಅಂದಹಾಗೆ, ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. ಒಂದು ಮತಕ್ಕೆ ಕರ್ನಾಟಕದ ಪಾಲು ಕಡಿಮೆಯೇನಲ್ಲ.

1982ರ ಮೇ 19ರಂದು ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರ ಮೊದಲ ಸಲ ಬಳಕೆಯಾಯಿತು. ಸಿಪಿಐನ ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಸೋತ ಎ. ಸಿ. ಜೋಸ್ ಕೋರ್ಟಿಗೆ ಹೋದರು. 1984ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ 50 ಮತಗಟ್ಟೆಗಳ ಮತದಾನ ರದ್ದು ಮಾಡಿತು. ಯಂತ್ರ ತಪ್ಪು ಲೆಕ್ಕ ಹಾಕಿತು ಅಂತಲ್ಲ, ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ ಅಂತ. ಮರುಮತದಾನದಲ್ಲಿ ಜೋಸ್ ಗೆದ್ದರು. ಕಾನೂನು ತಿದ್ದುಪಡಿಯಾಗಿ ಜಾರಿಗೆ ಬಂದಿದ್ದು 1989ರ ಮಾರ್ಚ್ 15ಕ್ಕೆ, ಎಲ್ಲ 543 ಲೋಕಸಭಾ ಕ್ಷೇತ್ರಗಳಿಗೂ ಯಂತ್ರ ಬಂದಿದ್ದು 2004ಕ್ಕೆ.

ಹಿರಿಯೂರು ತಾಲ್ಲೂಕಿನ ಯಾವುದೋ ಹಳ್ಳಿಯ ಶಾಲೆಯ ಕೋಣೆಗೆ ವಾಪಸ್ ಬರೋಣ. ಮತ ಹಾಕುವಾಗ ನೀವು ನೋಡೋದು ಬ್ಯಾಲೆಟ್ ಯೂನಿಟ್, ಗುಂಡಿಗಳ ಪಟ್ಟಿ ಇರೋದು. ನೆನಪು ಇರೋದು ಅದರಲ್ಲಲ್ಲ. ಅಧಿಕಾರಿಯ ಮೇಜಿನ ಮೇಲಿರುವ ಕಂಟ್ರೋಲ್ ಯೂನಿಟ್‌ನಲ್ಲಿ. ಆಯೋಗ ಹೇಳುವಂತೆ ಎಂ2 ಮಾದರಿಗೆ 7.5 ವೋಲ್ಟ್, ಈಗಿನ ಎಂ3 ಮಾದರಿಗೆ 8 ವೋಲ್ಟ್‌ನ ಪವರ್ ಪ್ಯಾಕ್. ಅದು ಆಲ್ಕಲೈನ್ ಬ್ಯಾಟರಿ, ನಿಮ್ಮ ಫೋನಿನ ಹಾಗೆ ಚಾರ್ಜ್ ಮಾಡುವಂಥದ್ದಲ್ಲ. ಮುಗಿದರೆ ಬದಲಿಸಬೇಕು.

ಪರದೆಯ ಮೇಲೆ ಬ್ಯಾಟರಿ ಕಡಿಮೆ ಅಂತ ಬಂತು ಅನ್ನಿ. ಸೆಕ್ಟರ್ ಅಧಿಕಾರಿ ಹೊಸ ಪವರ್ ಪ್ಯಾಕ್ ತರುತ್ತಾರೆ. ಯಂತ್ರವನ್ನು ಆಫ್ ಮಾಡಬೇಕು, ಕ್ಯಾಲ್ಕುಲೇಟರಿನ ಕೈಪಿಡಿಯಲ್ಲಿದ್ದ ಅದೇ ಮೊದಲ ಹೆಜ್ಜೆ. ಪಕ್ಷಗಳ ಏಜೆಂಟರು ನೋಡುತ್ತಿರುವಾಗಲೇ ಬ್ಯಾಟರಿ ಭಾಗದ ಮುದ್ರೆ ಒಡೆದು, ಹಳೆಯದನ್ನು ತೆಗೆದು ಹೊಸದನ್ನು ಹಾಕಿ, ಮತ್ತೆ ಮುದ್ರೆ ಹಾಕಿ ಏಜೆಂಟರ ಸಹಿ ತೆಗೆದುಕೊಳ್ಳುತ್ತಾರೆ. ಮೆಮೊರಿ ಇರುವ ಭಾಗದ ಮುದ್ರೆಗೆ ಕೈ ಹಾಕುವಂತಿಲ್ಲ. ಯಂತ್ರವನ್ನೇ ಬದಲಿಸಿದರೆ ಅಣಕು ಮತದಾನ ಮತ್ತೆ ಮಾಡಬೇಕು, ಬ್ಯಾಟರಿ ಮಾತ್ರ ಬದಲಿಸಿದರೆ ಬೇಕಿಲ್ಲ. ಯಾಕಂದ್ರೆ ಬೆಳಿಗ್ಗೆಯಿಂದ ಬಿದ್ದ ಮತಗಳು ಒಳಗೇ ಇವೆ. ಇಲ್ಲಿ ಎರಡು ನಿಮಿಷದ ಗಡುವಿಲ್ಲ. ಬ್ಯಾಟರಿ ಇಲ್ಲದೆಯೂ ಹತ್ತು ವರ್ಷ, ಅದಕ್ಕಿಂತ ಹೆಚ್ಚು ಕಾಲ ಫಲಿತಾಂಶ ಮೆಮೊರಿಯಲ್ಲಿ ಉಳಿಯುತ್ತೆ ಅನ್ನುತ್ತೆ ಆಯೋಗ. ಕಾಂಗ್ ಮತ್ತು ಝೀ ಅವರ ದ್ವೀಪ ಹಿರಿಯೂರಿನ ಶಾಲೆ ಕೋಣೆಯಲ್ಲಿದೆ ಅಂತ ಹೇಳಿದರೆ ಸುಳ್ಳಾಗಲ್ಲ.

ಹಾಗಂತ ಬರೀ ಚಿಪ್ಪನ್ನು ನಂಬಿ ಕೂತಿಲ್ಲ. ಕಂಟ್ರೋಲ್ ಯೂನಿಟ್‌ನ ಟೋಟಲ್ ಗುಂಡಿ ಒತ್ತಿದರೆ ಆ ಹೊತ್ತಿನವರೆಗೆ ಒಟ್ಟು ಎಷ್ಟು ಮತ ಬಿದ್ದಿದೆ ಅಂತ ತೋರಿಸುತ್ತೆ, ಯಾರಿಗೆ ಎಷ್ಟು ಅಂತ ತೋರಿಸಲ್ಲ. ಆ ಸಂಖ್ಯೆ ಮತದಾರರು ಸಹಿ ಹಾಕುವ 17ಎ ರಿಜಿಸ್ಟರಿನ ಜೊತೆ ತಾಳೆಯಾಗಬೇಕು. ಮತದಾನ ಮುಗಿದ ಮೇಲೆ ಒಟ್ಟು ಸಂಖ್ಯೆಯನ್ನು ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಅಡಿಕೆ ವ್ಯಾಪಾರಿಯ ಪಕ್ಕದ ಚೀಟಿ ನೆನಪಾಯ್ತಾ? ಕಾಗದದ ಈ ನೆನಪಿನ ಬಗ್ಗೆ ನನಗೆ ವಿಶೇಷ ಗೌರವ. ಹಿರಿಯೂರಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ, ಇದಕ್ಕೆ ಮುಂಚೆ ಹೀಗಾಗಿದ್ದು 1933ರಲ್ಲಿ, ಆಗ ನೀರು 135.25 ಅಡಿ ಏರಿತ್ತು ಅಂತ ಎಲ್ಲರೂ ಥಟ್ ಅಂತ ಹೇಳಿದರಲ್ಲ. 89 ವರ್ಷ ಆ ಅಂಕಿಯನ್ನು ಕಾಪಾಡಿದ್ದಕ್ಕೆ ಯಾವ ಸೆಲ್ಲೂ ಬೇಕಾಗಿರಲಿಲ್ಲ.

ಇನ್ನು ಅಳಿಯದ ಮೆಮೊರಿಯ ಮತ್ತೊಂದು ಮುಖವನ್ನೂ ಹೇಳಬೇಕು. ಕರೆಂಟ್ ಇಲ್ಲದಾಗಲೂ ಉಳಿಯುವ ಲೆಕ್ಕವನ್ನು, ಪೆಟ್ಟಿಗೆ ಕೈಗೆ ಸಿಕ್ಕರೆ, ತಿದ್ದಲೂಬಹುದಲ್ವಾ? 2010ರಲ್ಲಿ ಹರಿ ಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಗೊಂಗ್ರಿಪ್ ಮತ್ತವರ ಸಂಗಡಿಗರು ಒಂದು ಮತಯಂತ್ರವನ್ನು ಬಿಚ್ಚಿ ಇದನ್ನೇ ಪರೀಕ್ಷಿಸಿದರು. ಮತ ದಾಖಲಾಗುವ ಇಇಪ್ರಾಮ್ ಚಿಪ್ಪಿನ ಮೇಲೆ ಪುಟ್ಟ ಸಾಧನವೊಂದನ್ನು ಕ್ಲಿಪ್ ಥರ ಕಚ್ಚಿಸಿ ಒಳಗಿನ ಸಂಖ್ಯೆ ಬದಲಿಸಬಹುದು ಅಂತ ತೋರಿಸಿದರು. ಯಂತ್ರ ನಮ್ಮ ಕಾವಲಿನಲ್ಲಿರುವಾಗ, ಮುದ್ರೆ ಇರುವಾಗ ಹೀಗೆ ಮಾಡಲು ಯಾರಿಗೂ ಅವಕಾಶ ಸಿಗಲ್ಲ ಅನ್ನೋದು ಆಯೋಗದ ಉತ್ತರ. ಎಂ3 ಮಾದರಿಯನ್ನು ಬಿಚ್ಚಲು ಹೋದರೆ ಅದು ಕೆಲಸವನ್ನೇ ನಿಲ್ಲಿಸುತ್ತೆ ಅಂತಲೂ ಆಯೋಗ ಹೇಳುತ್ತೆ. ನನಗನ್ನಿಸೋದು, ಈ ವಾದದಲ್ಲಿ ಎರಡೂ ಕಡೆಯವರು ಒಂದು ವಿಷಯ ಒಪ್ಪಿದ ಹಾಗಾಯ್ತು. ಬ್ಯಾಟರಿ ಹೋದರೆ ಮತ ಹೋಗುತ್ತೆ ಅನ್ನೋ ಭಯ ಈಗ ಉಳಿದಿಲ್ಲ. ಪ್ರಶ್ನೆ ಇರೋದು ಪೆಟ್ಟಿಗೆಯ ಹತ್ತಿರ ಯಾರು ಹೋಗಬಹುದು ಅನ್ನೋದರಲ್ಲಿ. ಆ ಕೆಲಸ ಮಾಡೋದು ಕಾಗದದ ಮುದ್ರೆ, ಏಜೆಂಟರ ಸಹಿ, ಸ್ಟ್ರಾಂಗ್ ರೂಮಿನ ಪೊಲೀಸರು. ಅಂದ್ರೆ ಮತ್ತೆ ಓಬವ್ವನ ಕಿಂಡಿಗೇ ಬಂದ್ವಿ.

ಬ್ಯಾಟರಿ ಮಾತ್ರ ಸುಮ್ಮನೆ ಕೂರಲಿಲ್ಲ. 2024ರ ಅಕ್ಟೋಬರ್ 8ರಂದು ಹರಿಯಾಣದಲ್ಲಿ ಮತ ಎಣಿಕೆ. ಕೆಲವು ಕಂಟ್ರೋಲ್ ಯೂನಿಟ್‌ಗಳು ಶೇ 99 ಬ್ಯಾಟರಿ ತೋರಿಸುತ್ತಿವೆ, ಇಡೀ ದಿನ ಮತದಾನ ಆದ ಯಂತ್ರದಲ್ಲಿ ಇದು ಹೇಗೆ ಸಾಧ್ಯ ಅಂತ ಕಾಂಗ್ರೆಸ್ ಆಕ್ಷೇಪ ಎತ್ತಿತು. ಫೋನ್ ಬಳಸುವ ಯಾರಿಗಾದರೂ ಏಳುವ ಅನುಮಾನವೇ ಅದು. ಫೋನಲ್ಲಿ ಬೆಳಿಗ್ಗೆ 100 ಇದ್ದದ್ದು ಸಂಜೆಗೆ 20. ಆಯೋಗ ಕೊಟ್ಟ ವಿವರಣೆ ಹೀಗಿತ್ತು: ಆಲ್ಕಲೈನ್ ಬ್ಯಾಟರಿಯ ವೋಲ್ಟೇಜ್ 7.4ಕ್ಕಿಂತ ಮೇಲಿರುವವರೆಗೂ ಪರದೆ 99 ಅಂತಲೇ ತೋರಿಸುತ್ತೆ. ಅದಕ್ಕಿಂತ ಕೆಳಗಿಳಿದ ಮೇಲೆ ಮಾತ್ರ 98, 97 ಅಂತ ಇಳಿಯಲು ಶುರು. 5.8 ವೋಲ್ಟ್‌ಗೆ ಬಂದಾಗ ಬ್ಯಾಟರಿ ಬದಲಿಸಿ ಅನ್ನೋ ಎಚ್ಚರಿಕೆ. ಹಾಗಾಗಿ ಕಡಿಮೆ ಮತ ಬಿದ್ದ ಯಂತ್ರ ಮೂರು ದಿನದ ನಂತರವೂ 99 ತೋರಿಸಬಹುದು. ಪರದೆಯ ಮೇಲಿನ ಆ ಶೇಕಡಾ ಅಂಕಿ ನೇರವಾಗಿ ಅಳೆದದ್ದಲ್ಲ, ವೋಲ್ಟೇಜ್ ನೋಡಿ ಅಂದಾಜು ಮಾಡಿದ್ದು. ನಿಮ್ಮ ಫೋನಿನ ಅಂಕಿಯೂ ಒಂಥರಾ ಅಂದಾಜೇ, ವಿಧಾನ ಬೇರೆ ಅಷ್ಟೇ.

ಎಣಿಕೆಯ ದಿನ ಕಂಟ್ರೋಲ್ ಯೂನಿಟ್‌ನ ಪರದೆ ಫಲಿತಾಂಶವನ್ನೇ ತೋರಿಸದೆ ಹೋದರೆ? ಆ ಯಂತ್ರವನ್ನು ಪಕ್ಕಕ್ಕಿಟ್ಟು ಅದೇ ಮತಗಟ್ಟೆಯ ವಿವಿಪ್ಯಾಟ್ ಚೀಟಿಗಳನ್ನು ಎಣಿಸುತ್ತಾರೆ. ಗಾಜಿನ ಹಿಂದೆ ಏಳು ಸೆಕೆಂಡ್ ಕಂಡು ಬೀಳುತ್ತಲ್ಲ, ಅದೇ ಚೀಟಿ. ಇದು 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಂದು, 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ಮತಗಟ್ಟೆಗಳಿಗೂ ಬಂತು.

ಶುರುವಿನಲ್ಲಿ ಹೇಳಿದ ತೀರ್ಪು ಅಲ್ಲಿಗೇ ಮುಗಿಯಲಿಲ್ಲ. ಮೆಮೊರಿ ಪರಿಶೀಲನೆ ಅಂದರೆ ಏನು ಮಾಡಬೇಕು ಅನ್ನೋದರ ಬಗ್ಗೆಯೇ ತಕರಾರು ಎದ್ದು, ಅರ್ಜಿ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಫೆಬ್ರವರಿ 11ರಂದು, ಆ ಹೊತ್ತಿಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸಂಜೀವ್ ಖನ್ನಾ ಅವರ ಪೀಠ ಆಯೋಗಕ್ಕೆ ಒಂದು ಮಾತು ಹೇಳಿತು: ಪರಿಶೀಲನೆ ಮಾಡುವಾಗ ಯಂತ್ರದಲ್ಲಿರುವ ದತ್ತಾಂಶವನ್ನು ಅಳಿಸಬೇಡಿ, ಹೊಸದಾಗಿ ತುಂಬಲೂ ಬೇಡಿ.